ಮೊನೆ

ಮೂರನೆಯ ಕೋಲಿನ ಹಳದಿ ಬಟ್ಟೆ ಚಂಗನೆ ಎದ್ದು ನಿಂತದ್ದೇ ತಡ, ಉಮಾಮಹೇಶ್ವರ ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಓಡಿದ. ಐವತ್ತನಾಲ್ಕು ವರ್ಷದ ಮೈ. ಓಡುವಾಗ ಹೊಟ್ಟೆ ಕುಲುಕುವುದು, ಕೆರೆಯ ಒಗೆಯುವ ಕಲ್ಲಿನ ಹತ್ತಿರ ಅಲ್ಲಿನ ಊರಿನ ಓಬಮ್ಮ ಸೀರೆ ಹಿಂಡುವುದನ್ನು ನಿಲ್ಲಿಸಿ ನಗುವುದು, ಎರಡೂ ಅವನಿಗೆ ತಿಳಿಯುತ್ತಿದ್ದವು. ನಗಲಿ ಎಂದುಕೊಂಡ. ಮಡಕಶಿರದ ಬಜಾರಿನಲ್ಲಿ ವಿಭೂತಿ, ಕರ್ಪೂರ, ಊದುಬತ್ತಿ ಮಾರುವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಶೆಟ್ಟರು ಮೀನಿನ ಹಿಂದೆ ಹೀಗೆ ಬಿದ್ದರೆ ಅವಳಾದರೂ ನಗದೆ ಏನು ಮಾಡಿಯಾಳು. ದಾರ ಹಿಡಿದ. ಬಿಗಿಯಾಗಿತ್ತು. ಆ ಬಿಗಿಯೊಳಗೆ ಒಂದು ಜೀವ ತನ್ನ ಕಡೆಯಿಂದ ಎಳೆಯುತ್ತಿತ್ತು, ಅವನು ತನ್ನ ಕಡೆಯಿಂದ ಎಳೆದ. ಮೂರು ಮೊಳ ಬಂದಿರಬೇಕು, ದಾರ ಸಡಿಲವಾಗಿ ನೀರಿನ ಮೇಲೆ ಬಿದ್ದುಕೊಂಡಿತು. ಪ್ರತಿ ಭಾನುವಾರದ ಹಾಗೆ. 'ತಪ್ಪಿಸ್ಕಂತು ಶೆಟ್ರೇ, ಒಳ್ಳೆ ಗಾತ್ರದ್ದಿತ್ತು' ಎಂದು ಹೇಳಿ, ದಾರವನ್ನು ಅವನ ಕೈಯಿಂದ ತೆಗೆದುಕೊಂಡು ಸುತ್ತುವುದಕ್ಕೆ ಇವತ್ತು ಪಕ್ಕದಲ್ಲಿ ಕೆರೆಯ ಮೀನು ಹಿಡಿಯುವ ಚಿತ್ತಪ್ಪ ಇರಲಿಲ್ಲ. ಚಳಿಗೆ ಟೀ ತರುತ್ತೇನೆಂದು ಏರಿ ಹತ್ತಿ ರಸ್ತೆಯ ಕಡೆ ಹೋಗಿದ್ದ.

ಮಾರ್ಗಶಿರದ ಮಂಜು ಇನ್ನೂ ನೀರಿನ ಮೇಲಿಂದ ಎದ್ದಿರಲಿಲ್ಲ. ದಡದ ಉದ್ದಕ್ಕೂ ಹತ್ತು ಬಿದಿರು ದಬ್ಬೆಗಳನ್ನು ನೆಟ್ಟಿದ್ದರು. ಒಂದೊಂದನ್ನೂ ಬಗ್ಗಿಸಿ, ತುದಿಯನ್ನು ನೀರಿನಂಚಿನ ಗೂಟದ ಕಚ್ಚಿಗೆ ಸಿಕ್ಕಿಸಿ, ಅಲ್ಲಿಂದ ದಾರ ಬಿಟ್ಟಿದ್ದರು. ಮೀನು ಎಳೆದರೆ ಕಚ್ಚು ತಪ್ಪುತ್ತದೆ, ದಬ್ಬೆ ನೆಟ್ಟಗಾಗುತ್ತದೆ, ತುದಿಗೆ ಕಟ್ಟಿದ ಬಟ್ಟೆ ಮೇಲೇಳುತ್ತದೆ. ನೀಲಿ ಬಟ್ಟೆಯ ಐದು ಚಿತ್ತಪ್ಪನವು, ಹಳದಿಯ ಐದು ಇವನವು. ನಾಲ್ಕು ವರ್ಷದ ಹಿಂದೆ, ನಿಜವಾಗಿಯೂ ಹೇಮಾವತಿಯ ಸಿದ್ಧೇಶ್ವರನ ದರ್ಶನಕ್ಕೆ ಹೊರಟಿದ್ದಾಗ ಇಲ್ಲೇ ಗಾಡಿ ಪಂಕ್ಚರ್ ಆಗಿತ್ತು. ಆಗಿನ ದಿನಗಳಲ್ಲಿ ಅವನಿಗೆ ಯಾವುದೂ ಬೇಡವಾಗಿತ್ತು; ಊಟ ಬೇಡ, ಅಂಗಡಿ ಬೇಡ, ಮನೆಯಲ್ಲಿ ಒಂದು ಮಾತಾಡುವುದಕ್ಕೂ ಬೇಸರ, ಯಾಕೆ ಎಂದು ಕೇಳಿದರೆ ಹೇಳುವುದಕ್ಕೆ ಕಾರಣವೂ ಇರಲಿಲ್ಲ. ಏರಿಯ ಮೇಲೆ ನಿಂತವನ ಕಣ್ಣೆದುರು ನೀಲಿ ಬಟ್ಟೆಯೊಂದು ಇದ್ದಕ್ಕಿದ್ದಂತೆ ಎದ್ದು ನಿಂತಿತು, ಅವನ ಮೈ ಜುಮ್ಮೆಂದಿತು. ಅಷ್ಟೇ. ಮುಂದಿನ ಭಾನುವಾರ ದೇವಸ್ಥಾನಕ್ಕೆಂದು ಹೆಂಡತಿಗೆ ಹೇಳಿ ಕೆರೆಗೆ ಬಂದ, ಅದರ ಮುಂದಿನ ಭಾನುವಾರವೂ ಬಂದ. ಮನೆಗೆ ಮರಳುವಾಗ ಅಂಗಡಿಯ ಬೀಗ ತೆಗೆದು, ತಾನೇ ಮಾರುವ ವಿಭೂತಿ ಗಟ್ಟಿಯೊಂದನ್ನು ಪುಡಿ ಮಾಡಿ ಕಾಗದದಲ್ಲಿ ಕಟ್ಟಿಕೊಂಡು ಹೋಗಿ 'ಸಿದ್ಧೇಶ್ವರನ ಪ್ರಸಾದ' ಎಂದು ಕೊಡುವುದನ್ನು ಕಲಿತ. ಅನ್ನದಾನಮ್ಮ ಎರಡು ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿ ಹಣೆಗಿಟ್ಟುಕೊಳ್ಳುವಳು. ಆಗ ಅವನ ಮುಖ ಬಿಸಿಯಾಗುತ್ತಿತ್ತು. ಆ ಭಾನುವಾರಗಳ ಸಂಜೆಗಳಲ್ಲಿ ಅವನು ಒಳ್ಳೆಯ ಗಂಡನಾಗಿರುತ್ತಿದ್ದ; ಒಂದು ಮೊಳ ಹೂ ತರುತ್ತಿದ್ದ, ಅವಳ ಮಂಡಿನೋವು ಹೇಗಿದೆ ಎಂದು ಕೇಳುತ್ತಿದ್ದ, ರಾಯದುರ್ಗದ ಅವಳ ತವರಿನ ಸುದ್ದಿಯನ್ನು ಕೊನೆಯವರೆಗೂ ಕೇಳಿಸಿಕೊಳ್ಳುತ್ತಿದ್ದ. ಸೋಮವಾರ ಮತ್ತೆ ಬಾಯಿಗೆ ಬೀಗ.

ನಾಲ್ಕು ವರ್ಷದಲ್ಲಿ ಒಂದೇ ಒಂದು ಮೀನು ಅವನ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿಲ್ಲವೆಂದು ಪಾಪ ತಪ್ಪಿತೇನು? ಗಾಳ ಕಚ್ಚಿ ತುಟಿ ಹರಿದುಕೊಂಡು ಹೋದ ಮೀನು ಬದುಕುವುದಿಲ್ಲ, ಎಲ್ಲೋ ಕೆಸರಿನಲ್ಲಿ ಕೊಳೆಯುತ್ತದೆ ಎಂದು ಅವನು ನಂಬಿದ್ದ. ಹಾಗೆ ಕೊಳೆತವುಗಳ ಲೆಕ್ಕ ಅವನ ತಲೆಯಲ್ಲಿ ಬೆಳೆಯುತ್ತಲೇ ಇತ್ತು, ನೂರು ದಾಟಿರಬೇಕು. ಎರೆಹುಳವನ್ನು ಮಾತ್ರ ಅವನು ಮುಟ್ಟಿದವನಲ್ಲ. ಮೊದಲ ದಿನವೇ ಹುಳ ನೋಡಿ ಮುಖ ತಿರುಗಿಸಿದ್ದ. ಚಿತ್ತಪ್ಪನೇ ಗಾಳ ಕಟ್ಟುವುದು, ಹುಳ ಸಿಕ್ಕಿಸುವುದು, ನೀರಿಗೆ ಎಸೆಯುವುದು. ಬಟ್ಟೆ ಏಳುವುದನ್ನು ಕಾಯುವುದು, ಓಡಿ ಎಳೆಯುವುದು ಇವನದು. ಕೊಲ್ಲಲು ಬಂದವನಿಗೆ ಇಷ್ಟೊಂದು ಮಡಿ ಯಾಕೋ ಎಂದು ತನ್ನನ್ನೇ ಎಷ್ಟೋ ಸಲ ಹಂಗಿಸಿಕೊಂಡಿದ್ದಾನೆ, ಆದರೂ ಮುಟ್ಟಿದ್ದಿಲ್ಲ. ಈಗ ದಾರ ನೀರಿನ ಮೇಲೆ ಹಾಗೇ ಬಿದ್ದಿತ್ತು, ಚಿತ್ತಪ್ಪ ಬರುವುದು ತಡವಾಗುತ್ತಿತ್ತು, ಸುಮ್ಮನೆ ನಿಲ್ಲಲಾರದೆ ಅವನೇ ಒಂದೊಂದು ಮೊಳವಾಗಿ ಎಳೆದುಕೊಂಡ. ತುದಿಯ ಗಾಳ ಅವನ ಅಂಗೈಗೆ ಬಂತು. ಹುಳ ಇರಲಿಲ್ಲ, ಮೀನು ತಿಂದಿತ್ತು. ಚುಚ್ಚೀತೆಂದು ಹುಷಾರಾಗಿ ಹಿಡಿದ. ಚುಚ್ಚಲಿಲ್ಲ. ಬೆರಳಿನಿಂದ ಒತ್ತಿದ, ಇನ್ನೂ ಗಟ್ಟಿಯಾಗಿ ಒತ್ತಿದ. ಕಣ್ಣಿಗೆ ಹತ್ತಿರ ತಂದು ನೋಡಿದ. ಗಾಳಕ್ಕೆ ಮೊನೆ ಇರಲಿಲ್ಲ. ತುದಿಯನ್ನು ಉಜ್ಜಿ ಮೊಂಡು ಮಾಡಿ, ಅದೂ ಸಾಲದೆಂದು ಒಳಕ್ಕೆ ಸುರುಳಿ ಬಗ್ಗಿಸಿತ್ತು. ಸೊಂಟದ ದಾರಕ್ಕೆ ಹಾಕುವ ಕೊಂಡಿಯಂತೆ ಕಾಣುತ್ತಿತ್ತು.

ಹಳೆಯದಾಗಿ ಸವೆದಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಎರಡನೆಯ ಕೋಲಿಗೆ ಹೋಗಿ ದಾರ ಎಳೆದ. ಅದರಲ್ಲಿ ಹುಳ ಇನ್ನೂ ಮಿಸುಕುತ್ತಿತ್ತು, ಅದರ ಕೆಳಗೆ ಅದೇ ಸುರುಳಿ. ನಾಲ್ಕನೆಯದು. ಐದನೆಯದು. ಕೊನೆಗೆ ಮೊದಲನೆಯದು, ಅದೂ ಹಾಗೆಯೇ. ಆಮೇಲೆ ಮಾಡಬಾರದ್ದು ಮಾಡಿದ, ಚಿತ್ತಪ್ಪನ ನೀಲಿ ಕೋಲಿನ ಕಚ್ಚು ಬಿಡಿಸಿದ. ಒಬ್ಬರ ದಾರ ಇನ್ನೊಬ್ಬರು ಮುಟ್ಟುವಂತಿಲ್ಲ ಎಂದು ಕೆರೆಯಲ್ಲಿ ಕಟ್ಟುಪಾಡಿದೆ. ನಾಲ್ಕು ವರ್ಷ ಅವನು ಅದನ್ನು ದೇವರ ಕಟ್ಟಳೆಯೆಂಬಷ್ಟು ನಿಷ್ಠೆಯಿಂದ ಪಾಲಿಸಿದ್ದ. ನೀಲಿ ಕೋಲಿನ ಗಾಳ ಸೂಜಿಯಂತೆ ಹೊಳೆಯುತ್ತಿತ್ತು. ಉಮಾಮಹೇಶ್ವರ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟ. ಚಿತ್ತಪ್ಪ ನನ್ನನ್ನು ಆಟಕ್ಕಿಟ್ಟುಕೊಂಡ. ಸಣ್ಣ ಮಕ್ಕಳ ಕೈಗೆ ಮರದ ಸೌಟು ಕೊಟ್ಟು ಅಡುಗೆ ಮಾಡು ಎನ್ನುವ ಹಾಗೆ ಕೊಟ್ಟ. 'ಒಳ್ಳೆ ಗಾತ್ರದ್ದಿತ್ತು ಶೆಟ್ರೇ!' ಕಳೆದ ವರ್ಷ ಎಳೆತಕ್ಕೆ ದಾರ ಅಂಗೈ ಕೊಯ್ದ ಮೇಲೆ ಒಂದು ತಿಂಗಳು ಅದನ್ನೇ ನೆನೆದಿದ್ದ. ಅಂಗಡಿಯಲ್ಲಿ ಕರ್ಪೂರ ತೂಗುತ್ತ ತೂಗುತ್ತ ಆ ಎಳೆತ ನೆನಪಾಗಿ ತಕ್ಕಡಿ ಹಿಡಿದ ಕೈ ನಿಂತುಬಿಡುತ್ತಿತ್ತು. ಓಬಮ್ಮ ನಕ್ಕಿದ್ದು ಶೆಟ್ಟರು ಓಡಿದ್ದಕ್ಕಲ್ಲ. ಅವಳಿಗೆ ಗೊತ್ತಿತ್ತು. ಈಗಲೂ ಅವಳ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ನೂರು ಮೀನು ಕೊಂದೆನೆಂದು ಕುದಿದದ್ದು, ಶಿವರಾತ್ರಿಗೆ ನೀರೂ ಕುಡಿಯದೆ ಉಪವಾಸ ಬಿದ್ದದ್ದು ಯಾವುದಕ್ಕೆ? ಪಾಪ ಮಾಡಿಲ್ಲವೆಂದು ತಿಳಿದರೆ ಮನುಷ್ಯನಿಗೆ ಸಮಾಧಾನವಾಗಬೇಕಲ್ಲ. ಅವನಿಗೆ ಮೈಮೇಲಿನ ಬಟ್ಟೆ ಕಿತ್ತುಕೊಂಡ ಹಾಗಾಗಿತ್ತು. ಹುಟ್ಟಿದಾಗಿನಿಂದ ಅವನದೆನ್ನುವುದು ಏನೂ ಇರಲಿಲ್ಲ. ಅಂಗಡಿ ಅಪ್ಪನದು, ಮನೆ ಅಜ್ಜನದು, ಹೆಸರು ಮಠದ ಸ್ವಾಮಿಗಳು ಇಟ್ಟದ್ದು. ಈ ಒಂದು ಕೆಟ್ಟ ಕೆಲಸ ಮಾತ್ರ ಅವನ ಸ್ವಂತದ್ದಾಗಿತ್ತು.

ಚಿತ್ತಪ್ಪ ಎರಡು ಪೇಪರ್ ಲೋಟಗಳನ್ನು ಹುಷಾರಾಗಿ ಹಿಡಿದುಕೊಂಡು ಏರಿ ಇಳಿದು ಬಂದ. ದಡದ ಮೇಲೆ ಸಾಲಾಗಿ ಇಟ್ಟಿದ್ದ ಐದು ಗಾಳ ನೋಡಿ ನಿಂತ.

"ಇದೇನು ಚಿತ್ತಪ್ಪ?"

"ಗಾಳ ಶೆಟ್ರೇ."

"ಮೊನೆ ಎಲ್ಲಿ?"

"ಸವೆದೈತೇನೋ. ಹಳೇವು."

"ಐದೂ ಒಂದೇ ಥರ ಸವೆದವಾ? ನಿನ್ನವು ಸವೆಯಲ್ವಾ?"

ಚಿತ್ತಪ್ಪ ಲೋಟಗಳನ್ನು ಕಲ್ಲಿನ ಮೇಲಿಟ್ಟ. ಅರವತ್ತರ ಹತ್ತಿರದ ಒಣಕಲು ಮನುಷ್ಯ. ಸುಳ್ಳು ಹೇಳುವಾಗ ಕೆರೆ ನೋಡುತ್ತಾನೆಂದು ಉಮಾಮಹೇಶ್ವರನಿಗೆ ಈಗ ಗೊತ್ತಾಯಿತು, ಯಾಕೆಂದರೆ ನಾಲ್ಕು ವರ್ಷದಲ್ಲಿ ಮೊದಲ ಸಲ ಚಿತ್ತಪ್ಪ ನೇರವಾಗಿ ಅವನ ಮುಖ ನೋಡುತ್ತಿದ್ದ.

"ಅರ ಹಾಕಿ ಉಜ್ಜಿದೋನು ನಾನೇ ಶೆಟ್ರೇ. ಬೈಯ್ರಿ ಬೇಕಾದ್ರೆ."

"ಯಾಕೆ? ನಾನೇನು ನಿನ್ನ ಮೀನು ಕಿತ್ಕಂತಿದ್ನಾ? ನಿಮ್ಮೋರೆಲ್ಲ ಸೇರ್ಕಂಡು ನಗಾಡಕ್ಕೆ ಒಬ್ಬ ಬೇಕಾಗಿತ್ತಾ?"

"ಹಂಗನ್ನಬ್ಯಾಡಿ." ಚಿತ್ತಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. "ಅಮ್ಮೋರು ಬಂದಿದ್ರು."

"ಯಾವ ಅಮ್ಮೋರು?"

"ನಿಮ್ಮ ಮನೆಯೋರು, ಅನ್ನದಾನಮ್ಮೋರು. ನೀವು ಬರಕ್ಕೆ ಶುರು ಮಾಡಿ ಎಲ್ಡ್ ವಾರ ಆಗಿತ್ತಷ್ಟೆ. ನಿಮ್ಮನ್ನ ಇಲ್ಲಿ ನೋಡ್ದೋರು ಯಾರೋ ಹೇಳಿದ್ರಂತೆ. ಆಟೋ ಮಾಡ್ಕಂಡು ಊರೆಲ್ಲ ಕೇಳ್ಕಂಡು ನಮ್ಮ ಮನೆತಾವ್ಕೆ ಬಂದ್ರು. ಒಳಗೂ ಬರಲಿಲ್ಲ, ನೀರೂ ಕುಡೀಲಿಲ್ಲ, ಬಾಗ್ಲಾಗೇ ನಿಂತ್ಕಂಡ್ರು. 'ನಮ್ಮನ್ಯಾಗಿನವ್ರಿಗೆ ಮನಸಿಗೆ ಭಾಳ ಬ್ಯಾಸರಾಗೈತಪ್ಪ, ಅಲ್ಲಿ ಕುಂತ್ರ ಸಮಾಧಾನ ಆಗ್ತೈತಿ, ಬರಬ್ಯಾಡ ಅನಬ್ಯಾಡ್ರಿ. ಆದ್ರ ಅವರ ಕೈಯಾಗ ಒಂದು ಜೀವ ಹೋಗಬಾರದು, ಅವರ ಗಾಳದ ಮೊನಿ ಉಜ್ಜಿಬಿಡ್ರಿ' ಅಂದ್ರು. ಹೇಮಾವತಿ ಸಿದ್ದೇಶ್ವರನ ಮೇಲೆ ಆಣೆ ಇಡಿಸ್ಕಂಡ್ರು. ನಾನೇನ್ ಮಾಡ್ಲಿ? ವಾರವಾರ ನಿಮ್ಮ ಮಕ ನೋಡಿ ನಂಗೇನು ಖುಷಿಯಾಗ್ತಿತ್ತಾ?"

ಟೀ ಆರುತ್ತಿತ್ತು. ಉಮಾಮಹೇಶ್ವರನಿಗೆ ಚಿತ್ತಪ್ಪನ ಮೇಲಿನ ಸಿಟ್ಟು ಒಮ್ಮೆಗೇ ಇಳಿದುಹೋಯಿತು. ಅದು ಹೋದ ಜಾಗದಲ್ಲಿ ಬಂದದ್ದು ಸಿಟ್ಟಲ್ಲ, ಅದಕ್ಕೆ ಹೆಸರು ಹುಡುಕುವುದೂ ಅವನಿಗೆ ಬೇಡವಾಯಿತು. ಅನಂತಪುರದ ಆಸ್ಪತ್ರೆಯ ವರಾಂಡ ನೆನಪಾಯಿತು. ಎರಡು ವರ್ಷದ ಹಿಂದೆ ಅವಳಿಗೆ ಗರ್ಭಕೋಶದ ಆಪರೇಷನ್ ಆದಾಗ, ಗಡ್ಡೆ ಎಂಥದೋ ಏನೋ, ಪರೀಕ್ಷೆಗೆ ಕಳಿಸಿದ್ದೇವೆ ಎಂದು ಡಾಕ್ಟರು ಹೇಳಿದ ಮೇಲೆ ಮೂರು ದಿನ ಅವನು ಅಲ್ಲಿನ ಬೆಂಚಿನ ಮೇಲೆ ಕೂತು ಮೀನುಗಳ ಕ್ಷಮೆ ಕೇಳಿದ್ದ. ಕೆಸರಿನಲ್ಲಿ ಕೊಳೆತ ಮೀನುಗಳು ಅವಳ ಹೊಟ್ಟೆಯಲ್ಲಿ ಗಡ್ಡೆಯಾಗಿವೆ ಎಂದು ನಂಬಿದ್ದ, ಬಿ.ಕಾಂ ಓದಿದವನು, ನಂಬಿದ್ದ. ನಾಲ್ಕನೆಯ ದಿನ ಅವಳ ಮಂಚದ ಕೊನೆಯಲ್ಲಿ ಕೂತು, ಹೊದಿಕೆಯ ಮೇಲಿಂದ ಅವಳ ಪಾದ ಹಿಡಿದುಕೊಂಡು, 'ನನ್ನ ಪಾಪ ನಿಂಗೆ ತಟ್ಟಿತು' ಎಂದು ಅತ್ತುಬಿಟ್ಟಿದ್ದ. ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ಅವನನ್ನು ನೋಡಿದ್ದಳು. 'ಯಾವ ಪಾಪ್ರಿ?' ಎಂದಿದ್ದಳು. ಎಷ್ಟು ಮೆಲ್ಲಗೆ, ಎಷ್ಟು ಏನೂ ಅರಿಯದವಳ ಹಾಗೆ! ಅವನು ಹೇಳಲಿಲ್ಲ. ಅವಳೂ ಹೇಳಲಿಲ್ಲ. ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿದ ಮೇಲೂ ಮೂರು ತಿಂಗಳು ಅವನು ಕೆರೆಯ ಕಡೆ ಬರಲಿಲ್ಲ. ನಾಲ್ಕನೆಯ ತಿಂಗಳು ಅವಳೇ, ಹೌದು, ಅವಳೇ ಅಂದಿದ್ದಳು: 'ಸಿದ್ಧೇಶ್ವರನ ದರ್ಶನಕ್ಕ ಹೋಗಿ ಭಾಳ ದಿನ ಆತಲ್ಲ, ಹೋಗಿ ಬರ್ರಿ.' ಅವಳು ಹಣೆಗಿಟ್ಟುಕೊಂಡ ಅಂಗಡಿಯ ವಿಭೂತಿ! ಎರಡು ಕೈಯೊಡ್ಡಿ! ಅವನ ಮೋಸ ಅವಳ ಮೋಸದ ಹೊಟ್ಟೆಯಲ್ಲಿ ಬೆಚ್ಚಗೆ ಮಲಗಿತ್ತು, ನಾಲ್ಕು ವರ್ಷ.

"ನಿನ್ನದೊಂದು ಗಾಳ ಕೊಡು" ಎಂದ.

"ಆಗಲ್ಲ ಶೆಟ್ರೇ, ಆಣೆ ಐತೆ."

"ಆಣೆ ನಿಂದು. ನಂದಲ್ಲ."

ನೀಲಿ ಕೋಲಿನ ಗಾಳವನ್ನು ತಾನೇ ಬಿಚ್ಚಿ ತನ್ನ ದಾರಕ್ಕೆ ಕಟ್ಟಿದ. ಗಂಟು ಹಾಕುವುದು ಬಾರದು. ಪೊಟ್ಟಣ ಕಟ್ಟುವ ಗಂಟನ್ನು ನಾಲ್ಕು ಸಲ ಹಾಕಿ ಹಲ್ಲಿನಲ್ಲಿ ಕಚ್ಚಿ ಎಳೆದ. ಡಬ್ಬಿಯೊಳಗೆ ಕೈ ಹಾಕಿ ಹುಳ ತೆಗೆದ. ಅದು ತಣ್ಣಗೆ ಬೆರಳಿಗೆ ಸುತ್ತಿಕೊಂಡಿತು, ಕಣ್ಣು ಮುಚ್ಚಿ ಸಿಕ್ಕಿಸಿದ. ಚಿತ್ತಪ್ಪ ದೂರ ಹೋಗಿ ಬೆನ್ನು ಹಾಕಿ ಬೀಡಿ ಹಚ್ಚಿದ. ಓಬಮ್ಮ ಒಗೆಯುವುದನ್ನು ನಿಲ್ಲಿಸಿದ್ದಳು. ಮಂಜು ಕರಗಿ ಬಿಸಿಲು ಬಿತ್ತು, ಬಿಸಿಲು ಬೆನ್ನು ಸುಡುವಷ್ಟಾಯಿತು, ಉಮಾಮಹೇಶ್ವರ ಆ ಒಂದು ಹಳದಿ ಬಟ್ಟೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಮೀನು ಬೀಳದಿರಲಿ ಎಂದು ಒಳಗೊಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಆ ಮನಸ್ಸೂ ಅವಳೇ ಇಟ್ಟುಹೋದದ್ದೇನೋ ಎಂದು ಅದನ್ನು ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಬಟ್ಟೆ ಎದ್ದಿತು.

ಈ ಸಲ ಓಡಲಿಲ್ಲ, ನಡೆದು ಹೋದ. ದಾರ ಸಡಿಲವಾಗಲಿಲ್ಲ. ಎಳೆದಷ್ಟೂ ಭಾರ ಬಂತು, ನೀರು ಒಡೆಯಿತು, ಮೊಳಕೈ ಉದ್ದದ ಕೊರಮೀನೊಂದು ದಡದ ಮಣ್ಣಿನಲ್ಲಿ ಬಂದು ಬಿದ್ದು ಹೊರಳಾಡಿತು. ಇಷ್ಟು ವರ್ಷ ಕಾದ ಗಳಿಗೆ, ಅವನಿಗೆ ಮುಂದೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಚಿತ್ತಪ್ಪನ ಕಡೆ ನೋಡಿದ.

"ಅದು ನಿಮ್ದು ಶೆಟ್ರೇ" ಎಂದ ಚಿತ್ತಪ್ಪ, ಹತ್ತಿರ ಬರಲಿಲ್ಲ.

ಎಡಗೈಯಲ್ಲಿ ಅದುಮಿ ಹಿಡಿದು ಬಲಗೈಯಲ್ಲಿ ಗಾಳ ಬಿಡಿಸಲು ಹೋದ. ಮೀನು ಜಾರಿತು, ಗಾಳ ಅದರ ದವಡೆ ದಾಟಿ ಅವನ ಎಡ ಅಂಗೈಗೆ, ಹೆಬ್ಬೆರಳ ಬುಡಕ್ಕೆ ಇಳಿಯಿತು. ಅವನೂ ಅದೂ ಒಂದೇ ಗಾಳದಲ್ಲಿದ್ದರು. ಅದು ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು, ಬಹಳ ಹೊತ್ತು, ಇಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಲ್ಲೆತ್ತಿ ಹೊಡೆದರೆ ಬೇಗ ಮುಗಿಯುತ್ತಿತ್ತು ಎಂದು ಆಮೇಲೆ ಹೊಳೆಯಿತು. ಕೊನೆಗೆ ಅದು ನಿಂತಿತು. ಗೆದ್ದೆ ಎನ್ನಿಸಲಿಲ್ಲ, ಅಳುವೂ ಬರಲಿಲ್ಲ. ಇದು ನನ್ನದು ಎಂದು ಮಾತ್ರ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಹೆದರಿಕೆಯಾಯಿತು. ಗಾಳ ಕಿತ್ತುಕೊಂಡು, ಮೀನನ್ನು ಚಿತ್ತಪ್ಪನ ಮುಂದೆ ಹಿಡಿದ. ನಾನು ಒಯ್ಯಲ್ಲ ಎಂದು ಅವನು ತಲೆಯಾಡಿಸಿದ. ಓಬಮ್ಮನೇ ಎದ್ದು ಬಂದು, ಈ ಸಲ ನಗದೆ, ಅದನ್ನು ತೆಗೆದುಕೊಂಡು ಒದ್ದೆ ಬಟ್ಟೆಗಳ ಕೆಳಗೆ ಬುಟ್ಟಿಯಲ್ಲಿಟ್ಟಳು.

ಮಡಕಶಿರದವರೆಗೂ ಒಂದೇ ಕೈಯಲ್ಲಿ ಗಾಡಿ ನಡೆಸಿದ. ಅಂಗಡಿಯ ಮುಂದೆ ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ. ನೀನು ನನ್ನನ್ನು ಏನೆಂದುಕೊಂಡೆ, ನಿನ್ನ ಗಂಡನೋ ತೊಟ್ಟಿಲ ಕೂಸೋ ಎಂದು ಬಾಗಿಲಲ್ಲೇ ನಿಂತು ಕೇಳಬೇಕು. ಬಾಗಿಲು ತೆರೆದಾಗ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಬಂದ್ರೇನು? ದರ್ಶನ ಆತೇನ್ರಿ?" ಎಂದಳು.

"ಆಯ್ತು" ಎಂದ. ಅಭ್ಯಾಸ, ಬಾಯಿ ತಾನೇ ಅಂದುಬಿಟ್ಟಿತು.

"ಪ್ರಸಾದ?"

"ತರಲಿಲ್ಲ."

"ಇರಲಿ ಬಿಡ್ರಿ. ನೀರು ಕಾದಾವ. ಸ್ನಾನ ಮಾಡಿ ಪೂಜಿಗೆ ಕೂಡ್ರಿ, ನನಗೂ ಹಸಿವ್ಯಾಗೈತಿ." ಮದುವೆಯಾದ ಇಪ್ಪತ್ತಾರು ವರ್ಷದಿಂದ, ಅವನ ಲಿಂಗಪೂಜೆ ಮುಗಿಯದೆ ಅವಳು ಅನ್ನ ಮುಟ್ಟಿದವಳಲ್ಲ, ಜ್ವರ ಬಂದಾಗಲೂ ಮುಟ್ಟಿದವಳಲ್ಲ.

ಸ್ನಾನ ಮಾಡಿದ. ಅಂಗೈ ಮೂರು ಸಲ ಸೋಪು ಹಾಕಿ ಉಜ್ಜಿದ, ವಾಸನೆ ಹೋಗಲಿಲ್ಲ, ಅಥವಾ ಹೋಗಿತ್ತೇನೋ. ಮಣೆಯ ಮೇಲೆ ಕೂತು ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡ. ಅವಳು ಎದುರಿಗೆ ಕೂತು ತಂಬಿಗೆಯಿಂದ ಚಮಚದಲ್ಲಿ ನೀರು ಬಿಡತೊಡಗಿದಳು. ನೀರು ಗಾಯಕ್ಕೆ ಇಳಿದದ್ದೇ ಅವನ ಕೈ ಜಗ್ಗಿತು, ಲಿಂಗದ ಕೆಳಗಿನಿಂದ ಒಂದು ಕೆಂಪು ಗೆರೆ ಮುಂಗೈವರೆಗೆ ಹರಿಯಿತು.

"ಅಯ್ಯ! ಏನಾತ್ರಿ ಕೈಗೆ?"

"ಗಾಳ ಚುಚ್ಚಿತು."

"ಹ್ಯಾಂಗ ಚುಚ್ಚತೈತ್ರಿ, ಅದಕ್ಕ ಮೊನೀನ…"

ಅಲ್ಲಿಗೆ ನಿಂತಳು. ಚಮಚ ಗಾಳಿಯಲ್ಲೇ ಉಳಿಯಿತು. ನಾಲ್ಕು ವರ್ಷ ಅವನಿಂದ ಬಚ್ಚಿಟ್ಟದ್ದು, ಅವನ ಕೈಗೆ ನೋವಾಯಿತೆಂಬ ಗಾಬರಿಯಲ್ಲಿ ಬಾಯಿಂದ ಬಿದ್ದುಹೋಗಿತ್ತು.

"ಇವತ್ತು ಇತ್ತು" ಎಂದ.

ಅನ್ನದಾನಮ್ಮ ಅವನ ಅಂಗೈಯನ್ನೇ ನೋಡುತ್ತಿದ್ದಳು. "ಜೀವ ಹೋತೇನ್ರಿ?"

"ಹೋಯ್ತು." ಅವಳು ಅಳಲೆಂದು ಕಾದ. ಅಳಲಿಲ್ಲ. ಆಗ ಅವನಿಗೇ ತಡೆಯಲಾಗಲಿಲ್ಲ. "ಆಸ್ಪತ್ರೇಲಿ ನಿನ್ನ ಕಾಲು ಹಿಡ್ಕಂಡು ಅತ್ತೆನಲ್ಲ. ಪಾಪ ತಟ್ಟಿತು ಅಂತ. ಆವತ್ತಾದ್ರೂ ಒಂದು ಮಾತು ಹೇಳಬಾರದಾಗಿತ್ತಾ? ನಾನು ಎಷ್ಟು ಬೆಂದೆ ಗೊತ್ತಾ ನಿಂಗೆ?"

"ಗೊತ್ತೈತಿ" ಎಂದಳು. ಚಮಚವನ್ನು ತಂಬಿಗೆಯೊಳಗೆ ಇಟ್ಟಳು. "ಕೈ ಜೀವ ತಗೀಬಾರದು ಅಂತ ಗಾಳ ಉಜ್ಜಿಸಿದ್ದು ಖರೇ. ಆದ್ರ ಹೇಳದ ಇದ್ದದ್ದು ಅದಕ್ಕಲ್ರಿ. ತಪ್ಪು ಮಾಡೀನಿ ಅನ್ನೂ ಅಂಜಿಕಿ ಇದ್ದಾಗ ಅಷ್ಟ ನೀವು ನನ್ನ ಮಕ ನೋಡಿ ಮಾತಾಡ್ತಿದ್ರಿ. ವಾರದಾಗ ಅದೊಂದ ಸಂಜಿ. ಆಸ್ಪತ್ರ್ಯಾಗ ನನ್ನ ಕಾಲು ಹಿಡದ್ರಿ ಅಂದ್ರಲ್ಲ, ಇಪ್ಪತ್ತಾರು ವರ್ಷದಾಗ ನೀವಾಗಿ ನನ್ನ ಮುಟ್ಟಿ ಅತ್ತದ್ದು ಅದೊಂದ ಸಲ. ಪಾಪ ಇಲ್ಲ ಅಂತ ಹೇಳಿಬಿಟ್ಟಿದ್ರ, ನನಗೇನು ಉಳೀತಿತ್ರಿ?"

ಹೊರಗೆ ಯಾರದೋ ಗಾಡಿ ಹೋಯಿತು. ಅವಳು ಮೊಣಕಾಲಿನ ಮೇಲೆ ಕೈಯೂರಿ ಎದ್ದು ಅಡುಗೆಮನೆಗೆ ಹೋದಳು. ತಟ್ಟೆ ತೆಗೆದ ಸದ್ದಾಯಿತು, ಸಾರಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಗಾಯಕ್ಕೆ ಅರಿಸಿನ ತರಲು ಹೋಗಿರಬೇಕೆಂದು ಅವನು ರಕ್ತ ಒಸರುವ ಅಂಗೈಯಲ್ಲಿ ಲಿಂಗ ಹಿಡಿದು ಕಾಯುತ್ತಿದ್ದ. ಬಾಗಿಲ ಸಂದಿನಿಂದ ಕಂಡಿತು: ಅನ್ನದಾನಮ್ಮ ಗೋಡೆಯ ಕಡೆ ಮುಖ ಮಾಡಿ ಕೂತು, ತಾನೇ ಬಡಿಸಿಕೊಂಡ ಅನ್ನವನ್ನು ಕಲಸಿ ಉಣ್ಣುತ್ತಿದ್ದಳು.